ಕಾಕಾನ ರುಮಾಲಿಗೆ ಚುಚ್ಚಿದ ಚೀಟಿ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದು ಎಲ್ಲವನ್ನೂ ಇಸ್ತ್ರಿ ಮಾಡಿ ಮಡಚಿಡುತ್ತದೆ. ಬಿಚ್ಚಿ ನೋಡಿದರೆ ಬಟ್ಟೆ ಬೇರೆಯವರದು. ಆದ್ದರಿಂದಲೇ, ಸಂಪತ್ತು ಮತ್ತು ಸಮಾಜದ ಬಗೆಗಿನ ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಧಾರವಾಡದ ಕಾಲೇಜಿನಲ್ಲಿ ಪಾಠ ಮಾಡುವಾಗ, ಅದರ ನಲವತ್ತು ಪಾತ್ರಗಳು ಕಲಸಿಹೋಗದಿರಲೆಂದು ಒಂದು ಉಪಾಯ ಹೂಡಿದ್ದೆ. ಒಂದೊಂದು ಪಾತ್ರಕ್ಕೂ ಒಬ್ಬೊಬ್ಬ ನೆಂಟರನ್ನು ಗಂಟುಹಾಕುವುದು. ಚೀಟಿಯ ಒಂದು ಬದಿಗೆ ನೆಂಟರ ಹೆಸರು, ಇನ್ನೊಂದು ಬದಿಗೆ ಪಾತ್ರದ ಸ್ವಭಾವ. ಕಾಲೇಜಿನಲ್ಲಿ ಇದಕ್ಕೆ ಪಾತ್ರಗಳ ಅಧ್ಯಯನವೆನ್ನುತ್ತೇವೆ. ಮನೆಯಲ್ಲಿ ಇದರ ಹೆಸರು ಚಾಡಿ.

ಬೈರಿದೇವರಕೊಪ್ಪದಲ್ಲಿ ನಮ್ಮ ಹೊಸ ಮನೆಯ ವಾಸ್ತುಶಾಂತಿ ಇತ್ತು. ಬಂದ ನೆಂಟರಿಗೆಲ್ಲ ಆಯೇರಿ, ಅಂದರೆ ಬಟ್ಟೆಯ ಉಡುಗೊರೆ, ಮಾಡಬೇಕು. ಒಬ್ಬರದು ಇನ್ನೊಬ್ಬರಿಗೆ ಹೋಗದಂತೆ ಒಂದೊಂದಕ್ಕೂ ಹೆಸರಿನ ಚೀಟಿ ಚುಚ್ಚಬೇಕು. ಅದರಲ್ಲೂ ನನ್ನ ಹೆಂಡತಿ ಸುಮಂಗಲಾಳನ್ನು ಸಾಕಿ ಬೆಳೆಸಿದ ಬಸಣ್ಣ ಕಾಕಾ, ಹತ್ತಿ ವ್ಯಾಪಾರಿ, ಬಲು ಸೂಕ್ಷ್ಮ. ಹಿಂದೊಮ್ಮೆ ನಮ್ಮ ಆಯೇರಿಯಲ್ಲಿ ತಲೆಗೆ ಸುತ್ತುವ ರುಮಾಲಿನ ಬದಲು ಟವೆಲ್ ಬಂತೆಂದು ಎರಡು ವರ್ಷ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಸುಮಂಗಲಾ ನಾಲ್ಕು ಸಲ ರಾಯಾಪುರದ ಅವರ ಮನೆಗೆ ಹೋಗಿ, ಅತ್ತು, ಒಪ್ಪಿಸಿದ್ದಳು. “ಈ ಸರ್ತಿ ಏನರ ಎಡವಟ್ಟಾದ್ರ ಕಾಕಾ ನನ್ನ ಪಾಲಿಗೆ ಇಲ್ಲ, ತಿಳೀರಿ,” ಎಂದಿದ್ದಳು.

ಶಾಂತಿಯ ಮುಂಜಾನೆ ನನ್ನ ಮೇಜಿನ ಮೇಲೆ ನೆಂಟರ ಹೆಸರು ಮೇಲಾಗಿ ಇಟ್ಟಿದ್ದ ಚೀಟಿಗಳು ಅವಳ ಕಣ್ಣಿಗೆ ಬಿದ್ದವು. “ಮದುವ್ಯಾದಾಗಿಂದ ಇದೊಂದು ಕೆಲಸ ಹೇಳದ ಮಾಡೀರಿ ನೋಡ್ರಿ,” ಎಂದು ಎಲ್ಲವನ್ನೂ ಬಾಚಿಕೊಂಡು ಹೋದಳಂತೆ. ನನಗೆ ಕೇಳಿಸಿದ್ದು ಮಾತು ಮಾತ್ರ. ಯಾವ ಕೆಲಸವೆಂದು ನಾನು ವಿಚಾರಿಸಲಿಲ್ಲ. ಮೆಚ್ಚುಗೆ ಅಪರೂಪ, ಕೇಳಿ ಕೆಡಿಸಿಕೊಳ್ಳುವುದೇಕೆ?

ಎಲ್ಲರಿಗಿಂತ ಮೊದಲು ಕಾಕಾಗೆ ಆಯೇರಿ. ಅವರು ರುಮಾಲು ಬಿಚ್ಚಿದರು, ಚೀಟಿ ಹೊರಳಿಸಿದರು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಹೊಸ ಸಿರಿವಂತ. ಯಾವ ವಸ್ತು ಮುಟ್ಟಿದರೂ ಮೊದಲು ಅದರ ಬೆಲೆ ಹೇಳುತ್ತಾನೆ. ದೊಡ್ಡವರ ಮನೆಯಿಂದ ಕರೆ ಬರಲಿಕ್ಕಿಲ್ಲವೆಂದು ಒಳಗೇ ಅಂಜುತ್ತಾನೆ.”

ಆಗ ಕುಕ್ಕರ್ ಕೂಗಿತೆಂದು ನನ್ನ ನೆನಪು. ಅಂದು ಮನೆಯಲ್ಲಿ ಕುಕ್ಕರೇ ಇರಲಿಲ್ಲ, ಕೂಗಿದ್ದು ನಾನೇ ಎನ್ನುತ್ತಾಳೆ ಸುಮಂಗಲಾ. ಅವಳು ಉಳಿದ ಚೀಟಿಗಳನ್ನೆಲ್ಲ ಸರಸರನೆ ಕಿತ್ತು, ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡಿದಳು.

“ಅವಾ ಕಾದಂಬರ್ಯಾಗಿನ ಮನಷ್ಯಾರೀ ಕಾಕಾ,” ಎಂದೆ. “ನೆನಪಿರ್ಲಿ ಅಂತ ನಿಮ್ಮ ಹೆಸರು ಹಾಕೇನ್ರಿ.”

ಕಾಕಾ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: “ಕಡೀಕ ಇವನ್ನ ಕರೀತಾರೋ ಇಲ್ಲೋ?”

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಹದಿನೆಂಟು ವರ್ಷ ಪಾಠ ಮಾಡಿದರೂ ಆ ಕಾದಂಬರಿಯ ಕೊನೆಯ ಐವತ್ತು ಪುಟ ನಾನು ಓದಿಲ್ಲ. ಗೈಡಿನಲ್ಲಿ ಅಷ್ಟು ವಿವರವಿಲ್ಲ.

ನನ್ನ ಮುಖ ನೋಡಿಯೇ ಕಾಕಾಗೆ ತಿಳಿಯಿತು. “ಓದಿ ಹೇಳ್ರಿ ಅಳಿಯಂದ್ರ. ಅಲ್ಲೀಮಟ ನಾ ಎಲಿಗೆ ಕೂಡೂದಿಲ್ಲ.”

ಒಳಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತೆ. ಹೊರಗೆ ಎಲೆ ಹಾಕಿ, ಎಲ್ಲರೂ ಕಾಕಾಗಾಗಿ ಕಾಯುತ್ತಿದ್ದರು. ಹತ್ತು ಪುಟವಾಗಿತ್ತೋ ಇಲ್ಲವೋ, ಸುಮಂಗಲಾ ಬಾಗಿಲಲ್ಲಿ ನಿಂತಳು. “ಲಗೂ ಬರ್ರಿ, ಹೋಳಿಗಿ ಆರಾಕತ್ತಾವ.” ಅವಳ ಕಣ್ಣು ಮಾತ್ರ ಬೇರೇನನ್ನೋ ಬೇಡುತ್ತಿತ್ತು.

ಹೊರಗೆ ಬಂದು ಹೇಳಿದೆ: “ಕರೀತಾರ್ರಿ ಕಾಕಾ. ಮೊದಲನೇ ಪಂಕ್ತಿಗೇ.”

ಕಾಕಾ ಹೊಸ ರುಮಾಲು ಸುತ್ತಿಕೊಂಡು, “ಇದಕ್ಕ ಏನು ಕೊಟ್ರಿ?” ಎಂದು ಕೇಳುತ್ತಲೇ ಎಲೆಗೆ ಕೂತರು.

ಕಾದಂಬರಿಯಲ್ಲಿ ನಿಜವಾಗಿ ಏನಾಗುತ್ತದೋ ನೋಡಲು ಇನ್ನೂ ಪುರಸೊತ್ತಾಗಿಲ್ಲ. ತರಗತಿಯಲ್ಲೂ ಈಗ ಆ ಹೊಸ ಸಿರಿವಂತನನ್ನು ಮೊದಲನೇ ಪಂಕ್ತಿಗೇ ಕೂರಿಸುತ್ತಿದ್ದೇನೆ. ಈವರೆಗೆ ಯಾವ ವಿದ್ಯಾರ್ಥಿಯೂ ಎದ್ದು ನಿಂತು ಆಕ್ಷೇಪಿಸಿಲ್ಲ. ಅವರೂ ನಾನು ಓದುವ ಗೈಡನ್ನೇ ಓದುತ್ತಾರೆ.