ಊರೇ ಕಿವಿಗೊಟ್ಟ ಜಾಹೀರಾತು

ಜಾಹೀರಾತಿನ ವಿಷಯದಲ್ಲಿ ಹಾನಗಲ್ ತಾಲೂಕಿನಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಈ ಮಾತನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಹಾನಗಲ್ಲಿನಿಂದ ತಡಸದವರೆಗೆ ಕಂಡ ಕಂಡ ಗೋಡೆಯ ಮೇಲೆ ಸಿಮೆಂಟು, ಗೊಬ್ಬರ, ಬನಿಯನ್ನುಗಳ ಹೆಸರು ಬರೆದ ಪೇಂಟರ್ ನಾನು. ಫ್ಲೆಕ್ಸ್ ಬಂದ ಮೇಲೆ ಬ್ರಶ್ಶು ಒಣಗಿತು. ಜ್ಞಾನ ಒಣಗಲಿಲ್ಲ, ಅದೇ ಕಷ್ಟಕ್ಕೆ ಬಂತು.

ನನ್ನ ಹೆಂಡತಿ ಗಂಗವ್ವ ಹನ್ನೊಂದು ವರ್ಷ ಮಂದಿ ಮನೆಯ ಒಲೆ ಮುಂದೆ ಕೂತು ರೊಟ್ಟಿ ಬಡಿದವಳು. ಈ ವರ್ಷ ಗಟ್ಟಿ ಮನಸ್ಸು ಮಾಡಿ, ಬಸ್ ನಿಲ್ದಾಣದ ಹಿಂದಿರುವ ನಮ್ಮ ಮನೆಯ ಪಡಸಾಲೆಯಲ್ಲೇ ತನ್ನದೊಂದು ಖಾನಾವಳಿ ತೆರೆಯಲು ನಿಂತಳು. ಮೊದಲ ದಿನ ಜನ ಬಂದು ಉಂಡರೆ ಗೆದ್ದಂತೆ. ಬರದಿದ್ದರೆ ಮತ್ತೆ ಮಂದಿ ಮನೆಯ ಒಲೆಯೇ ಗತಿ ಎಂದು ಅವಳಿಗೆ ಒಳಗೊಳಗೇ ಹೆದರಿಕೆ. ನನಗೆ ಒಪ್ಪಿಸಿದ್ದು ಒಂದೇ ಕೆಲಸ, ಊರಿಗೆ ತಿಳಿಸುವುದು.

“ಗ್ವಾಡಿ ಮ್ಯಾಲೆ ‘ಇಲ್ಲಿ ಊಟ ಸಿಗ್ತೈತಿ’ ಅಂತ ಬರದ ಬಿಡ್ರಿ, ಸಾಕು,” ಅಂದಳು.

ಸಾಕಂತೆ! ನನ್ನ ವಿದ್ಯೆಗೆ ಇಷ್ಟೇ ಬೆಲೆಯೇ? ಯಾವ ಜಾಹೀರಾತು ಜನರ ತಲೆಯಲ್ಲಿ ಉಳಿಯುತ್ತದೆ ಎಂಬುದನ್ನು ಕಂಡುಹಿಡಿಯಲು ಎರಡು ದಿನ ಸರ್ಕಲ್ಲಿನಲ್ಲಿ ನಿಂತು ಅಧ್ಯಯನ ಕೈಗೊಂಡೆ. ಸೀರೆ ಸೇಲಿನ ಮೈಕಿನ ಆಟೋ ಹೋಯಿತು, ಒಬ್ಬರೂ ಕತ್ತೆತ್ತಲಿಲ್ಲ. ಹಾಸಿಗೆ ಸೇಲಿನದು ಹೋಯಿತು, ಎಮ್ಮೆ ಸಹ ಸರಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ಆಟೋ “ದುಃಖದಿಂದ ತಿಳಿಸುವುದೇನೆಂದರೆ” ಎನ್ನುತ್ತ ಬಂತು. ಎಲೆ ಅಡಿಕೆ ಜಗಿಯುವವರ ಬಾಯಿ ನಿಂತಿತು. ಕ್ಷೌರದಂಗಡಿಯಲ್ಲಿ ಕತ್ತಿ ಅರ್ಧ ಗಲ್ಲದಲ್ಲೇ ನಿಂತಿತು. ಯಾರು, ಎಲ್ಲಿ, ಎಷ್ಟೊತ್ತಿಗೆ ಎಂದು ಎಲ್ಲರೂ ಬಾಯಿಪಾಠ ಮಾಡಿಕೊಂಡರು. ನನಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು.

ಸವಣೂರಿನ ದಾದಾಪೀರನದು ಮೈಕಿನ ಆಟೋ. ಅವನ ಮೊಬೈಲಿನಲ್ಲಿ ನನ್ನ ಕಂಠದಲ್ಲೇ ರೆಕಾರ್ಡು ಮಾಡಿಸಿದೆ. ಮೊದಲು ಶೋಕಭರಿತ ಧ್ವನಿ: “ಹಾನಗಲ್ಲಿನ ಸಮಸ್ತ ನಾಗರಿಕರಿಗೆ ಅತ್ಯಂತ ದುಃಖದಿಂದ ತಿಳಿಸುವುದೇನೆಂದರೆ, ಬಸ್ ನಿಲ್ದಾಣದ ಹಿಂದಿನ ಗಂಗವ್ವನವರ ಮನೆಯಲ್ಲಿ ಇಂದು ಬೆಳಿಗ್ಗೆ ನಿಧನ...” ಆಮೇಲೆ ಕುತೂಹಲ ಬೆಳೆಯಲೆಂದು ದೀರ್ಘ ಮೌನ. ಆಮೇಲೆ ಡೊಳ್ಳು ಬಾರಿಸಿ ಉಲ್ಲಾಸದ ಧ್ವನಿ: “ನಿಧನವಾದದ್ದು ಹಸಿವು! ಎಲ್ಲರೂ ಬನ್ನಿ, ಹೊಟ್ಟೆ ತುಂಬ ಉಣ್ಣಿ!”

ದಾದಾಪೀರ ತಲೆ ಕೆರೆದುಕೊಂಡ. “ಪೇಂಟರ್ ಸಾಹೇಬ್ರ, ಇದು ಬ್ಯಾಡ ಅನಸ್ತೈತ್ರಿ,” ಅಂದ. ಅವನಿಗೆ ಜಾಹೀರಾತಿನ ಮನಶ್ಶಾಸ್ತ್ರವನ್ನು ಅರ್ಧ ತಾಸು ಬೋಧಿಸಿದೆ. ಪಾಪ, ಸೋತು ಹೊರಟ.

ಗೋಡೆಯ ಮೇಲೆ ಬರೆದದ್ದು ನಿಂತಲ್ಲೇ ನಿಂತಿರುತ್ತದೆ, ಆಟೋ ಹಾಗಲ್ಲ. ಈ ಸೂಕ್ಷ್ಮ ಮಹಾಪಂಡಿತನಾದ ನನಗೆ ಹೊಳೆದಿರಲಿಲ್ಲ. ಒಂದು ಓಣಿಗೆ ನಿಧನ ಮುಟ್ಟಿತು. ಮೌನದಲ್ಲಿ ಆಟೋ ತಿರುವು ದಾಟಿತು. ಮುಂದಿನ ಓಣಿಗೆ ಊಟ ಮುಟ್ಟಿತು.

ಖಾನಾವಳಿಯ ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಜನ ಬರತೊಡಗಿದರು. “ನೋಡು, ಹೆಂಗ ಬರಾಕತ್ತಾರ!” ಎಂದು ಗಂಗವ್ವನಿಗೆ ಕೂಗಿ ಹೇಳಿದೆ. ಬಂದವರ ಮುಖಗಳು ಮಾತ್ರ ಯಾಕೋ ಬಾಡಿದ್ದವು. ಎಲ್ಲರಿಗಿಂತ ಮುಂದೆ ಹಿಂದಿನ ಓಣಿಯ ಶಾಂತಕ್ಕ, ಕೈಯಲ್ಲಿ ಬಟ್ಟೆ ಕಟ್ಟಿದ ಬುಟ್ಟಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ರೊಟ್ಟಿ ತಂದು ಕೊಡುತ್ತಾರೆ. ಇದು ನಮ್ಮ ಕಡೆಯ ಪದ್ಧತಿ. ಒಬ್ಬರಾದ ಮೇಲೊಬ್ಬರು ತಂದಿಟ್ಟರು, ಕೆಲವರು ಹೂವಿನ ಹಾರವನ್ನೂ ತಂದಿದ್ದರು. ರೊಟ್ಟಿ ಮಾರಲು ಕೂತವಳ ಮುಂದೆ ನನ್ನ ಎದೆಯೆತ್ತರ ರೊಟ್ಟಿ ಬಂದು ಬಿತ್ತು!

ಶಾಂತಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀವು ಅದೀರೇನ? ಮತ್ತ ಹೋದವರು ಯಾರ್ರಿ?”

“ಹಸಿವು,” ಅಂದೆ.

ಯಾರೂ ನಗಲಿಲ್ಲ. ಇವನಿಗೆ ದುಃಖಕ್ಕೆ ತಲೆ ಕೆಟ್ಟಿದೆ ಎಂದು ಒಬ್ಬರು ನೀರು ಕುಡಿಸಿದರು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಗಂಗವ್ವ, ಯಾರೂ ಸತ್ತಿಲ್ಲ, ಕೂತು ಉಂಡು ಹೋಗಿ ಎಂದು ಕೈ ಮುಗಿದಳು. ಆದರೆ ಸಾವಿನ ಮನೆ ಎಂದು ಹೊಸ್ತಿಲು ತುಳಿದವರು ಸ್ನಾನ ಮಾಡದೆ ತುತ್ತು ಮುಟ್ಟುವುದುಂಟೆ? ಎಲ್ಲರೂ ಎದ್ದು ಸ್ನಾನಕ್ಕೆ ಹೋದರು.

ಅಷ್ಟರಲ್ಲಿ ಊಟದ ಓಣಿಯವರು ಬಂದರು. ಹೂವಿನ ಹಾರ, ರೊಟ್ಟಿಯ ರಾಶಿ, ಕಣ್ಣೊರೆಸಿಕೊಳ್ಳುವ ಗಂಗವ್ವ, ಇಷ್ಟನ್ನು ನೋಡಿದ್ದೇ ಇದು ಸತ್ತವರ ದಿನಕರ್ಮದ ಊಟ ಎಂದು ತಿಳಿದರು. ಸಾಲಾಗಿ ಕೂತರು, ಸುಮ್ಮನೆ ಉಂಡರು. “ಸಮಾಧಾನ ಮಾಡ್ಕೊಳ್ರಿ,” ಎಂದು ನನ್ನ ಭುಜ ತಟ್ಟಿ ಹೋದರು. ಅಂಥ ಊಟಕ್ಕೆ ಯಾರಾದರೂ ಬಿಲ್ಲು ಕೇಳುತ್ತಾರೆಯೇ? ನಾನೂ ಕೇಳಲಿಲ್ಲ. ಸತ್ತವರು ಯಾರು ಎಂದು ಆ ಹೊತ್ತಿಗೆ ನನಗೂ ಗೊಂದಲವಾಗಿತ್ತು.

ಗಂಗವ್ವ ಬೈಯಲಿಲ್ಲ. “ಹನ್ನೊಂದು ವರ್ಷ ಈ ದಿನದ ಸಲುವಾಗಿ ಕಾದಿದ್ನಲ್ರಿ,” ಎಂದಷ್ಟೇ ಅಂದಳು. ನನಗೆ ಬಹಳ ನಾಚಿಕೆಯಾಯಿತು. ಆ ರೊಟ್ಟಿಯ ರಾಶಿಯ ಹಿಂದೆಯೇ ಅಡಗಿ ಕೂರೋಣ ಅನ್ನಿಸಿತು.

ಮರುದಿನ ಶಾಂತಕ್ಕ ಸ್ನಾನ ಮಾಡಿಕೊಂಡೇ ಬಂದು ಉಂಡಳು. ಶೇಂಗಾ ಚಟ್ನಿಯ ರುಚಿಯನ್ನು ಬಾಯಿಂದ ಬಾಯಿಗೆ ಊರೆಲ್ಲ ಹಬ್ಬಿಸಿದಳು. ಖಾನಾವಳಿ ನಿಂತುಕೊಂಡಿತು. ಊಟ ಬಡಿಸಲು ನಾನು ಮುಂದೆ ಬಂದರೆ ಕೆಲವು ಗಿರಾಕಿಗಳು ಸತ್ತವನೇ ಬಂದನೆಂದು ಬೆಚ್ಚಿ, ಅರ್ಧಕ್ಕೇ ಕೈ ತೊಳೆದುಬಿಡುತ್ತಿದ್ದರು. ಹೀಗಾಗಿ ನನ್ನನ್ನು ಒಳಕೋಣೆಯ ಬೆಳ್ಳುಳ್ಳಿ ಸುಲಿಯುವ ಖಾತೆಗೆ ವರ್ಗ ಮಾಡಲಾಗಿದೆ.

ಮೊನ್ನೆ ಶಿಗ್ಗಾಂವಿಯ ಬಟ್ಟೆ ವ್ಯಾಪಾರಿಯೊಬ್ಬರು ಊಟಕ್ಕೆ ಬಂದಿದ್ದರು. ಊರೆಲ್ಲ ಇನ್ನೂ ಆ ಆಟೋದ ಮಾತೇ ಆಡುತ್ತಿದೆ, ಪ್ರಚಾರ ಎಂದರೆ ಹಾಗಿರಬೇಕು ಎಂದರು. ಒಳಗೆ ನನ್ನ ಎದೆ ಉಬ್ಬಿತು. ಬೆಳ್ಳುಳ್ಳಿ ಬಿಟ್ಟು ಎದ್ದೆ, ತಲೆ ಬಾಚಿಕೊಂಡೆ.

“ಅದನ್ನ ಮಾಡಿದವರು ಯಾರ್ರಿ ಅಕ್ಕಾರ? ನಮ್ಮ ಅಂಗಡಿಗೂ ಅವರೇ ಬೇಕಾಗಿದ್ರು,” ಎಂದರು ವ್ಯಾಪಾರಿ.

ಗಂಗವ್ವ ತಟ್ಟೆಗೆ ಪಲ್ಯ ಬಡಿಸುತ್ತ ಶಾಂತವಾಗಿ ಹೇಳಿದಳು. “ಅವತ್ತ ಹೋದವರು ಅವರೇ ರೀ.”

“ಛೇ, ಪಾಪ,” ಎಂದು ವ್ಯಾಪಾರಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.