ಕಾಡಿನ ಗುಡಿಯ ಅಟ್ಟ

“ಇವತ್ತು ಸಂಜೆಯೊಳಗೆ ಮಗಳ ಬಾಯಲ್ಲಿ ‘ಅಪ್ಪಾ’ ಅನ್ನಿಸದಿದ್ರೆ ನನ್ನ ಹೆಸರು ದಿನಕರನೇ ಅಲ್ಲ!”

ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕ್ವಾರ್ಟರ್ಸಿನಲ್ಲಿ ಶೂ ಲೇಸು ಬಿಗಿಯುತ್ತ ದಿನಕರ ಶಪಥ ಮಾಡಿದ. ಮೈಸೂರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೊಚ್ಚಿಯಲ್ಲೇ ಬೆಳೆದ ಮಗಳು ಕೃಪಾಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಅಪ್ಪನನ್ನು ಕರೆಯುವುದೂ ‘ಅಚ್ಛಾ’ ಎಂದೇ! ಹೆತ್ತ ಮಗಳು ದಿನಾ ಹಿಂದಿಯಲ್ಲಿ ಭೇಷ್ ಅಂದ ಹಾಗಾಗುತ್ತಿತ್ತು ಅವನಿಗೆ. ಭೇಷ್ ಅನ್ನಿಸಿಕೊಳ್ಳುವಂಥದ್ದು ಈತ ಏನೂ ಮಾಡಿಲ್ಲ ಎಂಬುದು ಹೆಂಡತಿ ನಂದಿತಾಳ ಅಭಿಪ್ರಾಯ.

ಕಾಡಿನೊಳಗಿನ ಪಾಳು ಗುಡಿಯೊಂದರಲ್ಲಿ ಕನ್ನಡ ಶಾಸನವಿದೆಯೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಅದನ್ನು ಕಂಡರೆ ಮಗಳ ರಕ್ತದಲ್ಲಿರುವ ಕನ್ನಡ ಉಕ್ಕಿ ಹರಿಯುವುದು ಖಂಡಿತ!

ಕಾಡಿನಂಚಿನ ಚಹದಂಗಡಿಯವನು ಎಚ್ಚರಿಸಿದ: “ಸಾರೇ, ಮುಗಳಿಲ್ ನಿರಯೆ ಅಟ್ಟಯಾ. ಉಪ್ಪು ಕೊಂಡುಪೊಯ್ಕೋ.”

ಮೇಲೆಲ್ಲ ಅಟ್ಟ, ಉಪ್ಪು ತಗೊಂಡು ಹೋಗಿ! ಇಷ್ಟು ಸಲೀಸಾಗಿ ಮಲಯಾಳ ಅವನಿಗೆ ಎಂದೂ ಅರ್ಥವಾಗಿರಲಿಲ್ಲ.

“ಕೇಳಿದ್ಯೇನೇ? ಗುಡಿಯ ಅಟ್ಟ ಇನ್ನೂ ನೆಟ್ಟಗಿದೆಯಂತೆ! ಉಪ್ಪಿನ ಹರಕೆ ಬೇರೆ!”

“ಅಚ್ಛಾ, ಅಟ್ಟ ಎನ್ನು ಪರಞ್ಞಾಲ್...” ಅಟ್ಟ ಅಂದರೆ ಏನೆಂದು ಹೇಳಲು ಕೃಪಾ ಬಾಯಿ ತೆರೆದಳು.

“ಕನ್ನಡದಲ್ಲಿ ಹೇಳು! ಇಲ್ಲಾಂದ್ರೆ ಬಾಯಿ ಮುಚ್ಚು!”

ಕೃಪಾ ಪದಕ್ಕಾಗಿ ತಡಕಾಡಿದಳು, ಸಿಗಲಿಲ್ಲ. ಅಮ್ಮನ ಕೈ ಜಗ್ಗಿದಳು. “ಸುಮ್ನಿರು, ಬೆಳಬೆಳಗ್ಗೆ ಜಗಳ ಬೇಡ,” ಎಂದಳು ನಂದಿತಾ. ಕೃಪಾ ತನ್ನ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿಕೊಂಡು ಹಿಂದೆ ನಡೆದಳು.

ಜಿಟಿಜಿಟಿ ಮಳೆಯಲ್ಲಿ ಬೆಟ್ಟ ಹತ್ತಿದ್ದಾಯಿತು. ಮೂಗು ಮುರಿದ ದೇವಿಯ ಮುಂದೆ ದಿನಕರ ಚಹದಂಗಡಿಯಲ್ಲೇ ಕೊಂಡಿದ್ದ ಉಪ್ಪಿನ ಪೊಟ್ಟಣವನ್ನು ಪೂರ್ತಿ ಸುರಿದು ಕೈಮುಗಿದ: “ತಾಯೇ, ಮಗಳ ನಾಲಿಗೆ ತಿದ್ದಮ್ಮಾ!” ಪಾಚಿ ಕೆರೆದು ನೋಡಿದರೆ ಶಾಸನದಲ್ಲಿದ್ದದ್ದು ಬಿಜು, ಸಿಂಧು ಎಂಬ ಎರಡು ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಅದೂ ಮಲಯಾಳ ಲಿಪಿಯಲ್ಲಿ!

“ಅಟ್ಟ ಎಲ್ರೀ?” ನಂದಿತಾ ಕೇಳಿದಳು.

ದಿನಕರ ಮೇಲೆ ನೋಡಿದ. ಚಾವಣಿಯೇ ಇರಲಿಲ್ಲ. ಕೆಳಗೆ ನೋಡಿದ. ಬಿಳಿ ಸಾಕ್ಸು ಕೆಂಪಾಗಿತ್ತು!

“ಅಯ್ಯಯ್ಯೋ, ಜಿಗಣೆ! ಜಿಗಣೆ ಕಣೇ!”

“ಉಪ್ಪು ಹಾಕ್ರೀ!” ನಂದಿತಾ ತನ್ನ ಕಾಲನ್ನೂ ಕೊಡವುತ್ತ ಕಿರುಚಿದಳು. ಉಪ್ಪು ಆಗಲೇ ದೇವಿಯ ಪಾದದಲ್ಲಿ ಕರಗಿ ನೀರಾಗಿತ್ತು.

“ಓ, ಅಟ್ಟಗೆ ಕನ್ನಡದಲ್ಲಿ ಜಿಗಣೆ ಅಂತಾರಾ, ಅಪ್ಪಾ?”

ಅಪ್ಪಾ! ಕಚ್ಚಿಸಿಕೊಂಡಿದ್ದೂ ಮರೆತು ದಿನಕರನ ಕಣ್ಣು ತುಂಬಿತು. “ನಿಂಗೆ ಗೊತ್ತಿತ್ತಾ ಮರೀ? ಮತ್ತ್ಯಾಕೆ ಹೇಳ್ಲಿಲ್ಲ?”

“ಪದ ಬರ್ತಿರ್ಲಿಲ್ಲ,” ಎಂದಳು ಕೃಪಾ, ಅವನ ಮುಖ ನೋಡದೆ. “ನೀವು ನನ್ಹತ್ರ ಕನ್ನಡ ಮಾತಾಡೋದು ಬೈಯೋಕೆ ಮಾತ್ರ. ನಂಗೆ ಬರೋದೆಲ್ಲ ಆ ಪದಗಳೇ. ಕತ್ತೆ, ಕೋತಿ, ಎಮ್ಮೆ ಎಲ್ಲಾ ಗೊತ್ತು. ಜಿಗಣೆ ಅಂತ ಒಂದ್ಸಲಾನೂ ಬೈದಿರ್ಲಿಲ್ವಲ್ಲ, ಅಪ್ಪಾ.”