ಒಂದೇ ಗಾಜು, ಎರಡು ಸಲ

ಭಾನುವಾರ ಬೆಳಿಗ್ಗೆ ಭಾವಮೈದ ಬಾಯಿ ಮುಚ್ಚಿಕೊಂಡು ಸಿನಿಮಾ ನೋಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಸೋಫಾದಲ್ಲಿ ಕಾಲು ಚಾಚಿ ಚಿಪ್ಸ್ ಅಗಿಯುತ್ತಿದ್ದವನು, "ಭಾವ, ಇಲ್ಲಿ ಮಳೆ ನಮ್ಮ ಬೆನ್ನ ಹಿಂದೆ ಸುರಿದ ಹಾಗೆ ಕೇಳಿಸ್ಬೇಕು. ನಿಮ್ಮ ರಿಸೀವರ್ ಹಳೇದು. ಹೈ ಡೆಫಿನಿಷನ್ ಸೌಂಡು ಅದಕ್ಕೆ ಅರ್ಥಾನೇ ಆಗಲ್ಲ" ಎಂದುಬಿಟ್ಟ.

ಟೀವಿಯ ಸದ್ದನ್ನು ಕೋಣೆಯ ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಆ ಕಪ್ಪು ಪೆಟ್ಟಿಗೆಯೆಂದರೆ ಅನುಮಾನರಾಯರಿಗೆ ಪಂಚಪ್ರಾಣ. ಅನುಮಾನರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಟ್ಟಡದವರು ಇಟ್ಟದ್ದು. ತರಕಾರಿಯವನು ಒಂದು ಟೊಮೇಟೊ ಹೆಚ್ಚಿಗೆ ಹಾಕಿದರೆ ಅದನ್ನು ಮೂಸಿ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುವ ಆಸಾಮಿ ಅವರು. ಭಾವಮೈದ ಅವರ ತಲೆಗೆ ಎರಡು ಹುಳ ಬಿಟ್ಟಿದ್ದ. ಇಷ್ಟು ವರ್ಷ ಈ ಪೆಟ್ಟಿಗೆ ನನಗೆ ಅರ್ಧ ಸದ್ದನ್ನಷ್ಟೇ ಕೊಟ್ಟು ಯಾಮಾರಿಸಿತೇ? ಅಥವಾ ಹಳೆಯದನ್ನು ಹೊತ್ತುಕೊಂಡು ಹೋಗಲು ಈ ಹುಡುಗ ಹೊಂಚು ಹಾಕಿದ್ದಾನೆಯೇ?

ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಕೈಕೊಟ್ಟು ಕೂತಿತ್ತು. ರಾಯರಿಗೆ ಬಂದ ಬೋನಸ್ಸಿಗೆ ಎರಡರಲ್ಲಿ ಒಂದೇ ಬರುವಂತಿತ್ತು, ಮೆಷಿನ್ನೋ ರಿಸೀವರೋ. ಬಚ್ಚಲಲ್ಲಿ ಬೆಡ್‌ಶೀಟ್ ಹಿಂಡುತ್ತಿದ್ದ ಹೆಂಡತಿ ಅಲ್ಲಿಂದಲೇ ತೀರ್ಪು ಕೊಟ್ಟಳು.

"ನೋಡಿ, ನಿಜವಾಗ್ಲೂ ವ್ಯತ್ಯಾಸ ಇದ್ರೆ ರಿಸೀವರೇ ತಗೊಳ್ಳಿ. ನಾನು ಇನ್ನೊಂದು ವರ್ಷ ಕೈಯಲ್ಲೇ ಒಗೀತೀನಿ. ಇಲ್ಲ ಅಂದ್ರೆ ಮೆಷಿನ್ನು. ಆಮೇಲೆ ಗೊಣಗ್ಬಾರ್ದು."

ಇಷ್ಟು ನ್ಯಾಯವಾಗಿ ಮಾತಾಡಿದ್ದರಿಂದ ರಾಯರಿಗೆ ಹೆಂಡತಿಯ ಮೇಲೂ ಒಂಚೂರು ಅನುಮಾನ ಬಂತು.

ಪಕ್ಕದ ಬೀದಿಯ ಅಂಗಡಿಯವನು ಧಾರಾಳಿ. "ಮನೇಲೇ ಹಾಕಿ ಕೇಳಿ ನೋಡಿ ಸಾರ್, ಇಷ್ಟವಾದ್ರೆ ತಗೊಳ್ಳಿ. ಆದ್ರೆ ಆಫರ್ ಇವತ್ತೇ ಕೊನೆ. ಇರೋದೂ ಇದೊಂದೇ ಪೀಸು" ಎಂದ.

"ಇದೊಂದೇ ಯಾಕೆ ಉಳೀತು?"

"ಮಿಕ್ಕಿದ್ದೆಲ್ಲ ಖರ್ಚಾಯ್ತು ಸಾರ್."

"ಅದೇ ಕೇಳಿದ್ದು. ಇದು ಯಾಕೆ ಖರ್ಚಾಗ್ಲಿಲ್ಲ?"

ಅಂಗಡಿಯವನು ಪೆಟ್ಟಿಗೆ ಹೊತ್ತು ರಾಯರ ಹಿಂದೆಯೇ ಮನೆಗೆ ಬಂದ. ಹಾಲ್‌ನ ಮೂಲೆಗೆ ಇಳಿಬಿಟ್ಟಿದ್ದ ಪರದೆಯ ಹಿಂದೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಜೋಡಿಸಿ, ಬೇಕಾದ ಪೆಟ್ಟಿಗೆಯ ಸದ್ದು ಬರುವಂತೆ ಒಂದು ಸ್ವಿಚ್ ಕೂರಿಸಿದ. ವಾಪಸ್ ಹೋಗುವಾಗ ಮೆಟ್ಟಿಲ ಮೇಲೆ ಸಿಕ್ಕ ಮೇಲ್ಮನೆ ಬ್ಯಾಂಕಿನವರ ಜೊತೆ ನಗುನಗುತ್ತಾ ಎರಡು ಮಾತಾಡಿದ. ಬಾಗಿಲ ಸಂದಿಯಿಂದ ಅದನ್ನು ಕಂಡ ರಾಯರಿಗೆ ಸಂಚೆಲ್ಲ ಅರ್ಥವಾಗಿಹೋಯಿತು.

ಐದೇ ನಿಮಿಷದಲ್ಲಿ ಆ ಬ್ಯಾಂಕಿನವರು ಕರೆಯದೆಯೇ ಬಂದು ಸೋಫಾದಲ್ಲಿ ಕೂತರು. "ಹೊಸ ಸಾಮಾನು ಬಂತಂತೆ, ನಾವೂ ಸ್ವಲ್ಪ ಕೇಳೋಣ ಅಂತ." ಅವರ ಬೆನ್ನಿಗೇ ಪಕ್ಕದ ಮನೆಯ ರಿಟೈರ್ಡ್ ಟೀಚರಮ್ಮ ಬಂದರು. ಭಾವಮೈದ ಜಾಗ ಬಿಟ್ಟು ಎದ್ದೇ ಇರಲಿಲ್ಲ. ಮೂವರೂ ಒಂದೇ ದನಿಯಲ್ಲಿ, ತಗೊಳ್ಳಿ, ಯೋಚನೆ ಮಾಡ್ಬೇಡಿ ಎಂದರು. ಪರರ ಖರ್ಚಿನಲ್ಲಿ ಜನಕ್ಕೆ ಇಷ್ಟು ಉತ್ಸಾಹ ಬಂದರೆ ಹಿಂದೆ ಕಮಿಷನ್ ಇದ್ದೇ ಇರಬೇಕು ಎಂಬುದು ರಾಯರ ಸಿದ್ಧಾಂತ.

ಆದರೆ ರಾಯರೇನು ಕಿವಿ ಮೇಲೆ ಹೂವಿಡಿಸಿಕೊಳ್ಳುವ ಪೈಕಿಯೇ? ಅವರದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಇದು ಚೆನ್ನಾಗಿ ಕಾಣುತ್ತಾ, ಇದಾ ಎಂದು ದಿನವಿಡೀ ಕೇಳುವುದು. ಕಂಡರೂ ಕಾಣದಿದ್ದರೂ ಹೂಂಗುಟ್ಟುವ ಗಿರಾಕಿಗಳನ್ನು ಹಿಡಿಯಲು ಅವರದೊಂದು ವರಸೆ ಇತ್ತು. ಗಾಜು ಬದಲಿಸಿದಂತೆ ನಟಿಸಿ ಅದೇ ಗಾಜನ್ನು ಮತ್ತೆ ಕಣ್ಣ ಮುಂದೆ ಇಡುವುದು. ಆಗ ಎರಡನೆಯದು ಚೆನ್ನಾಗಿದೆ ಎಂದವರು ಸಿಕ್ಕಿಬಿದ್ದಂತೆ.

ಹೆಂಡತಿಯನ್ನು ಅಡಿಗೆಮನೆಗೆ ಕರೆದು, ಪಾತ್ರೆಗಳ ಸದ್ದಿನ ಮರೆಯಲ್ಲಿ ಪಿಸುಗುಟ್ಟಿದರು. "ನೀನು ಪರದೆ ಹಿಂದೆ ಕೂರು. ಎರಡು ಸಲಾನೂ ಹಳೇದನ್ನೇ ಹಾಕು. ಹೊಸದನ್ನ ಆನ್ ಕೂಡ ಮಾಡ್ಬೇಡ. ಎರಡನೇದು ಚೆನ್ನಾಗಿದೆ ಅಂದ್ರೋ, ಆಗ ಮಾಡ್ತೀನಿ ಇವ್ರಿಗೆ."

"ಮನೆಯೋರ ಹತ್ರಾನೂ ನಿಮ್ಮ ಅಂಗಡಿ ಬುದ್ಧೀನಾ?"

"ಹೇಳಿದಷ್ಟು ಮಾಡು."

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಪರದೆಯ ಹಿಂದೆ ಹೋದಳು.

ಮಳೆಯ ದೃಶ್ಯ ಮೊದಲನೆಯ ಸಲ ಓಡಿತು. ಪರದೆಯ ಹಿಂದೆ ಟಿಕ್ ಎಂದಿತು. ಎರಡನೆಯ ಸಲ ಓಡಿತು. ರಾಯರು ನಡುವೆ ಕಣ್ಣು ಮುಚ್ಚಿ ಕೂತು ಮೈಯೆಲ್ಲ ಕಿವಿಯಾಗಿ ಕೇಳಿದರು. ಅದೇ ಮಳೆ, ಅದೇ ಗದ್ದಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವರು ಮೀಸೆಯಡಿಯಲ್ಲೇ ನಕ್ಕರು.

ಟೀಚರಮ್ಮ ತಿರುಗಿ ಬಾಗಿಲ ಕಡೆ ನೋಡುತ್ತಿದ್ದರು. "ಈ ಸಲ ಹಿಂದೆ ಯಾರೋ ನಡೆದು ಬಂದ ಹಾಗಾಯ್ತಪ್ಪ."

"ಹನಿ ಒಂದೊಂದೂ ಬೇರೆ ಬೇರೆ ಕೇಳಿಸ್ತು. ಎಲ್ಲಿ, ಇನ್ನೊಂದ್ಸಲ ಹಾಕ್ಸಿ" ಎಂದರು ಬ್ಯಾಂಕಿನವರು. ಎರಡನ್ನೂ ಮತ್ತೆ ಮತ್ತೆ ಹಾಕಿಸಿದರು. ಪ್ರತಿ ಸಲವೂ ಮೂವರದೂ ಒಂದೇ ಮಾತು, ಎರಡನೆಯದೇ ಸೈ.

"ನಾನು ಹೇಳ್ಲಿಲ್ವಾ ಭಾವ" ಎಂದ ಭಾವಮೈದ.

ರಾಯರು ವಕೀಲರ ಹಾಗೆ ಎದ್ದು ನಿಂತರು. "ಅಷ್ಟೂ ಸಲ ಓಡಿದ್ದು ನನ್ನ ಹಳೇ ಪೆಟ್ಟಿಗೆ. ಈಗ ಹೇಳಿ ಸಾರ್, ಅಂಗಡಿಯವನು ನಿಮಗೆ ಎಷ್ಟು ಕೊಡ್ತೀನಿ ಅಂದಿದಾನೆ? ಟೀಚರಮ್ಮ, ನಿಮಗೂ ಪಾಲಿದೆಯಾ?"

"ರೀ, ಒಂದು ನಿಮಿಷ" ಎಂದಿತು ಪರದೆ.

"ನೀನು ಸುಮ್ನಿರು."

ಟೀಚರಮ್ಮನ ಮುಖ ಕೆಂಪಗಾಯಿತು. "ಬೋರ್ಡಿನ ಕಡೆ ತಿರುಗಿ ಬರೀತಾ ಇದ್ರೂ ಹಿಂದೆ ಪಿಸುಗುಟ್ಟಿದವನು ಯಾರು ಅಂತ ಹೇಳ್ತಿದ್ದೆ ನಾನು. ನನ್ನ ಕಿವಿಗೇ ಕಮಿಷನ್ ಅಂತೀರಾ?" ಎಂದು ಎದ್ದು ಹೋದರು. ಬ್ಯಾಂಕಿನವರು ಚಪ್ಪಲಿ ಮೆಟ್ಟಿ ಕೆಳಗಿಳಿದರು. ಭಾವಮೈದ, "ಅಕ್ಕಾ, ಇನ್ಮೇಲೆ ಈ ಮನೆಗೆ ಬರಲ್ಲ" ಎಂದು ಚಿಪ್ಸಿನ ಪ್ಯಾಕೆಟ್ ಸಮೇತ ಹೊರಟ.

ರಾಯರು ಆ ಕ್ಷಣವೇ ಅಂಗಡಿಗೆ ಫೋನ್ ಮಾಡಿ, "ಬಂದು ನಿಮ್ಮ ಪೆಟ್ಟಿಗೆ ಎತ್ಕೊಂಡು ಹೋಗಿ. ನಿಮ್ಮ ಆಟ ನನ್ನ ಹತ್ರ ನಡೆಯಲ್ಲ" ಎಂದರು. ಹೆಂಡತಿ ಮುಖ ಊದಿಸಿಕೊಂಡು ಬಟ್ಟೆ ಹರವಲು ಟೆರೇಸಿಗೆ ಹೋಗಿಬಿಟ್ಟಳು.

ಕಾಲು ಗಂಟೆಯಲ್ಲಿ ಅಂಗಡಿಯವನು ಬಂದ. ಪರದೆ ಸರಿಸಿ ಹೊಸ ಪೆಟ್ಟಿಗೆಯ ಮೇಲೆ ಕೈಯಿಟ್ಟವನು ಸರಕ್ಕನೆ ಕೈ ಎಳೆದುಕೊಂಡ.

"ಚೆನ್ನಾಗಿ ಓಡ್ಸಿದೀರ ಸಾರ್. ಇನ್ನೂ ಬಿಸಿ ಇದೆ."

"ಓಡ್ಸೇ ಇಲ್ವಲ್ಲ" ಎಂದರು ರಾಯರು. ತಾವೂ ಮುಟ್ಟಿ ನೋಡಿದರು. ಪೆಟ್ಟಿಗೆ ಜ್ವರ ಬಂದ ಹಣೆಯಂತೆ ಸುಡುತ್ತಿತ್ತು. ಖಾಲಿ ಬಕೆಟ್ ಹಿಡಿದು ಟೆರೇಸಿನಿಂದ ಇಳಿದ ಹೆಂಡತಿಯ ಕಡೆ ತಿರುಗಿದರು.

"ಒಂದು ವರ್ಷ ಬಟ್ಟೆ ಹಿಂಡೋಳು ನಾನು" ಎಂದಳು ಅವಳು. "ವ್ಯತ್ಯಾಸ ಇದೆಯೋ ಇಲ್ವೋ ನನಗೂ ಗೊತ್ತಾಗ್ಬೇಡ್ವಾ? ಎರಡನೇ ಸಲವೆಲ್ಲ ಹೊಸದನ್ನೇ ಹಾಕಿದ್ದೆ. ಹೇಳೋಕೆ ಬಂದ್ರೆ ಸುಮ್ನಿರು ಅಂದ್ರಿ. ಸುಮ್ನಿದ್ದೆ. ಅವ್ರು ಹೇಳಿದ್ದು ನಿಜ ರೀ. ಪರದೆ ಹಿಂದೆ ಕೂತಿದ್ದ ನನಗೇ ಕೇಳಿಸ್ತು."

ವ್ಯತ್ಯಾಸ ಇತ್ತು. ಹೆಂಡತಿ ಒಪ್ಪಿಯೂ ಆಗಿತ್ತು. ಮಿಕ್ಕ ಯೋಚನೆ ಆಮೇಲೆ ಎಂದುಕೊಂಡು ರಾಯರು ಅಂಗಡಿಯವನ ತೋಳು ಹಿಡಿದರು. "ಇರಪ್ಪ, ಇಡು ಅದನ್ನ. ನಾನೇ ತಗೋತೀನಿ."

"ಎಲ್ಲಿ ಸಾರ್? ಮೇಲ್ಮನೆ ಸಾಹೇಬ್ರು ನೆಟ್ಟಗೆ ಅಂಗಡಿಗೇ ಬಂದು ದುಡ್ಡು ಕಟ್ಟಿ ಹೋದ್ರು. ಸ್ವಂತ ಕಿವಿಯಲ್ಲಿ ಕೇಳಿದೀನಿ, ಇದೇ ಬೇಕು ಅಂದ್ರು. ಇದು ಈಗ ಅವರ ಮನೆಗೇ ಹೋಗ್ತಾ ಇರೋದು."

ಅಂಗಡಿಯವನು ಪೆಟ್ಟಿಗೆ ಹೊತ್ತು ಮೆಟ್ಟಿಲೇರಿದ.

ಸಂಜೆ ಗಂಡ ಹೆಂಡತಿ ಹಾಲ್‌ನಲ್ಲಿ ಕೂತಿದ್ದರು. ಹೆಂಡತಿ ಮೆಲ್ಲಗೆ ತಲೆಯೆತ್ತಿ ಛಾವಣಿ ನೋಡಿದಳು. ಅವಳ ಸಿಟ್ಟು ಅರ್ಧ ಇಳಿದಂತೆ ಕಂಡಿತು.

"ಅದೇ ಮಳೆ" ಎಂದಳು. "ಇಲ್ಲಿಗೇ ಎಷ್ಟು ಚೆನ್ನಾಗಿ ಕೇಳಿಸ್ತಿದೆ ನೋಡಿ."

ರಾಯರೂ ತಲೆಯೆತ್ತಿದರು. ಒಂದು ಕಿವಿ ವಾಲಿಸಿದರು, ಆಮೇಲೆ ಇನ್ನೊಂದನ್ನು.

"ಎಲ್ಲಿ, ಏನು ಕೇಳಿಸ್ತಿದೆ?" ಎಂದರು.

ಹೆಂಡತಿ ಅವರ ಮುಖ ನೋಡಿದಳು. ಉಳಿದರ್ಧ ಸಿಟ್ಟೂ ಇಳಿದುಹೋಯಿತು.

"ನಾಳೆ ಅರ್ಧ ದಿನ ರಜೆ ಹಾಕಿ, ಕಿವಿ ಡಾಕ್ಟರ ಹತ್ರ ಹೋಗ್ಬರೋಣ" ಎಂದು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. "ಬೋನಸ್ಸು ಅದಕ್ಕೇ ಇರ್ಲಿ."